ಚೀನಾದ ತೀರ್ಪು ಓದುವ ಕೆಲಸ

ಅಪ್ಪ ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದರು. ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಕೂತರೆ ಅವರ ಬಾಯಲ್ಲಿ ವಾಯಿದೆ, ವಕಾಲತ್ತು, ಅಮೀನ, ನಕಲು ಅರ್ಜಿ ಇಂಥವೇ ಮಾತು. ನಾನು ಲಾ ಓದಿದ್ದು ಅದರಿಂದಲೇ ಇರಬೇಕು. ಆದರೆ ಚೀನಾದ ಕಾನೂನು ಯಾಕೆ ಹಿಡಿದುಕೊಂಡೆ ಅಂತ ಇವತ್ತಿಗೂ ನೆಂಟರ ಮದುವೆಗಳಲ್ಲಿ ವಿವರಿಸಬೇಕಾಗುತ್ತದೆ. "ಅಲ್ಲಿ ಕಾನೂನು ಅಂತ ಒಂದಿದೆಯಾ?" ಅನ್ನುವುದು ಮೊದಲ ಪ್ರಶ್ನೆ. "ಅದನ್ನ ಕಲಿತು ಏನು ಮಾಡ್ತೀಯ?" ಅನ್ನುವುದು ಎರಡನೆಯದು. ಎರಡನೆಯದಕ್ಕೆ ತುಂಬಾ ವರ್ಷ ನನ್ನ ಹತ್ತಿರವೂ ಉತ್ತರ ಇರಲಿಲ್ಲ.

2008ರಲ್ಲಿ ನಾನು ಬೆಂಗಳೂರಿನಲ್ಲಿ ನಾಲ್ಕನೇ ವರ್ಷದ ಲಾ. ಸಂವಿಧಾನದ ಪೇಪರಿಗೆ ಒಂದು ಸೆಮಿನಾರ್ ಬರೆಯಬೇಕಿತ್ತು. ಎಲ್ಲರೂ ಕೇಶವಾನಂದ ಭಾರತಿ, ಮೇನಕಾ ಗಾಂಧಿ ಅಂತ ಸುಪ್ರೀಂ ಕೋರ್ಟಿನ ಹೆಸರಾಂತ ಕೇಸುಗಳ ಹಿಂದೆ ಹೊರಟಿದ್ದರು. ನಾನು ಸುಮ್ನೆ ಬೇರೆ ಏನಾದರೂ ಬರೆಯೋಣ ಅಂತ ಹುಡುಕುವಾಗ ಸುನ್ ಜಿಗಾಂಗ್ ಎಂಬ ಹೆಸರು ಸಿಕ್ಕಿತು. ಹುಬೇ ಪ್ರಾಂತ್ಯದ ಹುಡುಗ, 27 ವರ್ಷ, ಗುವಾಂಗ್‌ಜೌ ನಗರದಲ್ಲಿ ಡಿಸೈನರ್ ಕೆಲಸ. 2003ರ ಮಾರ್ಚ್‌ನಲ್ಲಿ ಒಂದು ರಾತ್ರಿ ಹೊರಗೆ ಹೋಗಿದ್ದಾಗ ಪೊಲೀಸರು ತಾತ್ಕಾಲಿಕ ವಾಸದ ಪರವಾನಗಿ ಕೇಳಿದರು. ಅವನ ಹತ್ತಿರ ಇರಲಿಲ್ಲ. ಹಿಡಿದುಕೊಂಡು ಹೋದರು. ಮೂರು ದಿನದಲ್ಲಿ ಹೆಣವಾದ. ಹೊಡೆತದಿಂದ ಸತ್ತಿದ್ದು ಅಂತ ಶವಪರೀಕ್ಷೆಯಲ್ಲಿ ಗೊತ್ತಾಯಿತು. ಹೊರ ಊರಿನಿಂದ ಬಂದವರನ್ನು ಹಿಡಿದಿಟ್ಟು ವಾಪಸ್ ಕಳಿಸುವ ಆ ನಿಯಮ 1982ರಿಂದ ಇತ್ತು.

ನಮ್ಮಲ್ಲಾದರೆ ಯಾರೋ ಒಬ್ಬರು ಹೈಕೋರ್ಟಿಗೆ ರಿಟ್ ಹಾಕುತ್ತಿದ್ದರು. ಸಂವಿಧಾನದ 226ನೇ ವಿಧಿ ಅಂತ ಕಣ್ಣು ಮುಚ್ಚಿಕೊಂಡು ಬರೆಯುವಷ್ಟು ಅಭ್ಯಾಸ ನಮಗೆ. ಅಲ್ಲಿ ಇಂಥ ನಿಯಮವನ್ನು ರದ್ದು ಮಾಡುವ ಅಧಿಕಾರವೇ ಕೋರ್ಟಿಗೆ ಇಲ್ಲ. ಹಾಗಾಗಿ ಮೂವರು ಯುವ ಕಾನೂನು ವಿದ್ವಾಂಸರು ರಾಷ್ಟ್ರೀಯ ಜನ ಕಾಂಗ್ರೆಸ್ಸಿನ, ಅಂದರೆ ಅಲ್ಲಿನ ಸಂಸತ್ತಿನ, ಸ್ಥಾಯಿ ಸಮಿತಿಗೆ ಒಂದು ಪತ್ರ ಬರೆದರು. ಈ ನಿಯಮ ಸಂವಿಧಾನಕ್ಕೂ ಕಾನೂನಿಗೂ ವಿರುದ್ಧ, ಪರಿಶೀಲಿಸಿ ಎಂದು. ಸಮಿತಿ ಪರಿಶೀಲಿಸಲೇ ಇಲ್ಲ. ಅದಕ್ಕೆ ಮೊದಲೇ, ಜೂನ್‌ನಲ್ಲಿ, ನಿಯಮ ಮಾಡಿದ್ದ ಸರ್ಕಾರವೇ ಅದನ್ನು ರದ್ದು ಮಾಡಿತು. ನಿಯಮ ಹೋಯಿತು, ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ನನ್ನನ್ನು ಹಿಡಿದಿದ್ದು ಆ ಕೊನೆಯ ತಿರುವು. ಗೆದ್ದರಾ, ಸೋತರಾ? ಇದಕ್ಕೆ ನಮ್ಮ ಲಾ ಕಾಲೇಜಿನ ಭಾಷೆಯಲ್ಲಿ ಪದವೇ ಇರಲಿಲ್ಲ. (ಆ ಮೂವರಲ್ಲಿ ಒಬ್ಬರಾದ ಶೂ ಜಿಯೋಂಗ್ ಅವರಿಗೆ 2023ರಲ್ಲಿ 14 ವರ್ಷ ಜೈಲಾಯಿತು. ಇನ್ನೊಬ್ಬರಾದ ತೆಂಗ್ ಬಿಯಾವ್ ಅಮೆರಿಕದಲ್ಲಿದ್ದಾರೆ. 2008ರಲ್ಲಿ ಸೆಮಿನಾರ್ ಬರೆಯುವಾಗ ಅವರನ್ನು ನಾನು ಬರೀ ಹೀರೋಗಳ ಥರ ನೋಡಿದ್ದೆ.)

ಭಾಷೆ ಬರದೆ ಇದು ಆಗದ ಕೆಲಸ ಅಂತ ಬೇಗ ಗೊತ್ತಾಯಿತು. ಬೆಂಗಳೂರಿನಲ್ಲಿ ಒಂದು ವರ್ಷ ಶನಿವಾರ ಭಾನುವಾರ ಚೈನೀಸ್ ಕ್ಲಾಸಿಗೆ ಹೋದೆ. 2010ರಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಬೀಜಿಂಗಿಗೆ ಹೋದೆ. ಒಂದು ವರ್ಷ ಬರೀ ಭಾಷೆ, ಆಮೇಲೆ ಎಲ್‌ಎಲ್‌ಎಂ. ಒಂದು ವಿಷಯದಲ್ಲಿ ಮಾತ್ರ ಕನ್ನಡದವರಿಗೆ ಲಾಭ ಇದೆ. ಚೈನೀಸಿನಲ್ಲಿ ಎರಡು ಬಗೆಯ "ಶ" ಇವೆ. ಯುರೋಪಿನ ಸಹಪಾಠಿಗಳು ಆರು ತಿಂಗಳು ಒದ್ದಾಡಿದರು. ನನಗೆ ಪ್ರೈಮರಿ ಶಾಲೆಯಲ್ಲಿ ಶಂಕರನ ಶ, ಷಣ್ಮುಖನ ಷ ಅಂತ ಕಿವಿ ಹಿಂಡಿ ಕಲಿಸಿದ್ದು ಅಲ್ಲಿ ಕೆಲಸಕ್ಕೆ ಬಂತು. ಸ್ವರದ ಏರಿಳಿತ ಮಾತ್ರ ಯಾರಿಗೂ ಸುಲಭ ಅಲ್ಲ.

ಉಚ್ಚಾರ ಗೆದ್ದೆ ಅಂದುಕೊಂಡಾಗ ಒಂದು ಪದ ಸರಿಯಾಗಿ ಬುದ್ಧಿ ಕಲಿಸಿತು. ಕನ್ನಡದಲ್ಲಿ "ಫಾಜಿ" ಅಂತ ಬರೆಯೋಣ, ನಿಜವಾದ ಸದ್ದು ನಮ್ಮ ಅಕ್ಷರಕ್ಕೆ ಪೂರ್ತಿ ಸಿಗುವುದಿಲ್ಲ. ಅದರಲ್ಲಿ ಎರಡಿವೆ. ಎರಡರ ಸದ್ದೂ ಒಂದೇ, ಏರಿಳಿತವೂ ಒಂದೇ. ಒಂದಕ್ಕೆ ಕಾನೂನಿನ ವ್ಯವಸ್ಥೆ ಎಂದರ್ಥ. ಇನ್ನೊಂದಕ್ಕೆ ಕಾನೂನಿನ ಆಡಳಿತ, ಅಂದರೆ ಆಳುವವರೂ ಕಾನೂನಿಗೆ ಒಳಪಡುವುದು. ಬರೆದಾಗ ಮಾತ್ರ ಬೇರೆ: ಮೊದಲನೆಯದರ ಎರಡನೇ ಅಕ್ಷರದಲ್ಲಿ ಚಾಕುವಿನ ಗುರುತು, ಎರಡನೆಯದರಲ್ಲಿ ನೀರಿನ ಗುರುತು. ಮಾತಾಡುವಾಗ ಅಲ್ಲಿನ ಕಾನೂನಿನವರೇ "ಚಾಕುವಿನದ್ದೋ ನೀರಿನದ್ದೋ" ಅಂತ ಕೇಳುತ್ತಾರೆ. ನನ್ನ ಮೊದಲ ಪೇಪರಿನಲ್ಲಿ ಎರಡನ್ನೂ ಕಲಸಿಬಿಟ್ಟಿದ್ದೆ. ಗೈಡ್ ಕೆಂಪು ಪೆನ್ನಿನಲ್ಲಿ ಹನ್ನೊಂದು ಕಡೆ ಒಂದು ಹನಿ ನೀರಿನ ಚಿತ್ರ ಬಿಡಿಸಿ ವಾಪಸ್ ಕೊಟ್ಟರು. ಒಂದು ಮಾತೂ ಬರೆದಿರಲಿಲ್ಲ.

ತಮಾಷೆ ಅನ್ನಿಸಬಹುದು, ಆದರೆ ಈ ಚಾಕು-ನೀರಿನ ಜಗಳದಲ್ಲಿ ಚೀನಾದ ಕಾನೂನು ಸುಧಾರಣೆಯ ನಲವತ್ತು ವರ್ಷ ಅಡಗಿದೆ. ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿ ಮುಗಿದಾಗ ಹೇಳಿಕೊಳ್ಳುವಂಥ ಕಾನೂನುಗಳೇ ಇರಲಿಲ್ಲ. ನ್ಯಾಯ ಸಚಿವಾಲಯವನ್ನು 1959ರಲ್ಲೇ ಮುಚ್ಚಿದ್ದರು, ತೆರೆದಿದ್ದು 1979ರಲ್ಲಿ. ಅದೇ ವರ್ಷ ಜುಲೈ 1ರಂದು ಒಂದೇ ದಿನ ಏಳು ಕಾನೂನು ಪಾಸಾದವು. ಕ್ರಿಮಿನಲ್ ಕಾನೂನು ಅವುಗಳಲ್ಲಿ ಒಂದು. ಆಗ ಬೇಕಿದ್ದದ್ದು ವ್ಯವಸ್ಥೆ, ಚಾಕುವಿನದ್ದು. 1999ರಲ್ಲಿ ನೀರಿನದ್ದು ಸಂವಿಧಾನದೊಳಗೆ ಬಂತು. 2018ರಲ್ಲಿ ಪೀಠಿಕೆಯಲ್ಲಿ ಉಳಿದಿದ್ದ ಚಾಕುವನ್ನೂ ನೀರು ಮಾಡಿದರು. ಅಧ್ಯಕ್ಷರಿಗೆ ಎರಡೇ ಅವಧಿ ಎಂಬ ಮಿತಿಯನ್ನು ತೆಗೆದದ್ದೂ ಅದೇ ತಿದ್ದುಪಡಿಯಲ್ಲಿ. ಈ ಎರಡನ್ನೂ ಒಟ್ಟಿಗೆ ಹೇಳದೆ ನಾನು ಈಗ ಕ್ಲಾಸು ಮುಗಿಸುವುದಿಲ್ಲ.

ಪಿಎಚ್‌ಡಿಗೆ ಆರಿಸಿಕೊಂಡಿದ್ದು ಆಡಳಿತ ದಾವೆಗಳು. ಸರ್ಕಾರಿ ಕಚೇರಿಯ ಮೇಲೆ ಸಾಮಾನ್ಯ ಜನ ಹಾಕುವ ಕೇಸು. ಅದಕ್ಕೆ 1990ರ ಅಕ್ಟೋಬರಿನಿಂದ ಅಲ್ಲಿ ಒಂದು ಕಾನೂನಿದೆ. "ಅಧಿಕಾರಿ ಮೇಲೆ ಕೇಸು ಹಾಕಿದರೂ ಅಧಿಕಾರಿಯ ಮುಖ ಕಾಣದು" ಅಂತ ಜನ ಆಡಿಕೊಳ್ಳುತ್ತಿದ್ದರು. ಬರೀ ವಕೀಲರು ಬಂದು ಹೋಗುತ್ತಿದ್ದರು. 2014ರಲ್ಲಿ ಕಾನೂನು ತಿದ್ದಿ, ಕಚೇರಿಯ ಮುಖ್ಯಸ್ಥರೇ ಕೋರ್ಟಿಗೆ ಬರಬೇಕು, ಆಗದಿದ್ದರೆ ಸಿಬ್ಬಂದಿಯನ್ನಾದರೂ ಕಳಿಸಬೇಕು ಅಂತ ಸೇರಿಸಿದರು. ಅಪ್ಪನಿಗೆ ಫೋನಿನಲ್ಲಿ ಹೇಳಿದೆ. "ತಹಶೀಲ್ದಾರ್ರು ಕಟಕಟೆಗೆ ಬರ್ತಾರಾ? ನೋಡ್ಬೇಕಿತ್ತು ಕಣಮ್ಮ" ಅಂದರು.

ನನಗೂ ನೋಡಬೇಕಿತ್ತು. ಒಂದು ಕೌಂಟಿ ಕೋರ್ಟಿಗೆ (ಹೆಚ್ಚುಕಮ್ಮಿ ನಮ್ಮ ತಾಲ್ಲೂಕು ಕೋರ್ಟಿನಂಥದ್ದು) ಹೋದೆ, ಊರಿನ ಹೆಸರು ಬೇಡ. ವಿಚಾರಣೆ ಬಹಿರಂಗ ಅಂತ ಬಾಗಿಲಲ್ಲೇ ಬೋರ್ಡು. ಬಾಗಿಲಿನವನು ಗುರುತಿನ ಚೀಟಿ ಕೇಳಿದ. ಪಾಸ್‌ಪೋರ್ಟ್ ಕೊಟ್ಟೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿ ಒಳಗೆ ಹೋದವನು ನಲವತ್ತು ನಿಮಿಷ ಬಿಟ್ಟು ಬಂದು, ಇವತ್ತು ಕುರ್ಚಿ ಖಾಲಿ ಇಲ್ಲ ಅಂದ. ಕಿಟಕಿಯಿಂದ ಕಾಣುತ್ತಿದ್ದ ಕುರ್ಚಿಗಳಲ್ಲಿ ಒಬ್ಬರೂ ಇರಲಿಲ್ಲ. ಇಬ್ಬರೂ ಅದನ್ನು ನೋಡಿದೆವು. ಅವನಿಗೆ ನನಗಿಂತ ಜಾಸ್ತಿ ಮುಜುಗರ ಆಯಿತು ಅಂತ ನನ್ನ ಅನಿಸಿಕೆ.

ಜಡ್ಜ್‌ಗಳ ಜೊತೆ ಮಾತಾಡುವುದನ್ನೂ ತಪ್ಪು ಮಾಡಿಯೇ ಕಲಿತೆ. ಮೊದಮೊದಲು "ನೀವು ಸ್ವತಂತ್ರವಾಗಿ ತೀರ್ಪು ಕೊಡುತ್ತೀರಾ" ಅಂತ ಕೇಳುತ್ತಿದ್ದೆ. ಎಂಥ ಪೆದ್ದು ಪ್ರಶ್ನೆ! ಎದುರಿಗಿರುವವರು ಅದಕ್ಕೆ ಭಾಷಣ ಬಿಟ್ಟು ಬೇರೇನು ಹೇಳಲು ಸಾಧ್ಯ? ಆಮೇಲೆ ಪ್ರಶ್ನೆ ಬದಲಾಯಿಸಿದೆ. "ಈ ತಿಂಗಳು ಎಷ್ಟು ಕೇಸು ಮುಗಿಸಿದಿರಿ?" ಅಂತ ಕೇಳಿದರೆ ಸಾಕು, ಒಂದು ಗಂಟೆ ಮಾತು ನಿಲ್ಲುವುದಿಲ್ಲ. ಸಾಮಾನ್ಯ ಸಿವಿಲ್ ಕೇಸು ಅಲ್ಲಿ ಆರು ತಿಂಗಳಲ್ಲಿ ಮುಗಿಯಬೇಕು, ಸಣ್ಣದಾದರೆ ಮೂರು ತಿಂಗಳು. ಮುಗಿಸಿದ ಲೆಕ್ಕದ ಮೇಲೆ ಜಡ್ಜ್‌ಗೆ ಅಂಕ. ಅದಕ್ಕೇ ವರ್ಷದ ಕೊನೆ ಬಂದರೆ ಹೊಸ ಕೇಸು ತೆಗೆದುಕೊಳ್ಳಲು ಕೋರ್ಟುಗಳು ಮೂಗು ಮುರಿಯುವುದು. ಕಷ್ಟದ ಕೇಸಾದರೆ ಕೋರ್ಟಿನ ಹಿರಿಯರ ಸಮಿತಿಗೆ ಹೋಗುತ್ತದೆ. ಅವರು ವಿಚಾರಣೆಯಲ್ಲಿ ಕೂತಿರುವುದಿಲ್ಲ, ಆದರೆ ತೀರ್ಮಾನ ಅವರದ್ದು. "ಕೇಳಿದವರು ತೀರ್ಮಾನಿಸುವುದಿಲ್ಲ, ತೀರ್ಮಾನಿಸುವವರು ಕೇಳುವುದಿಲ್ಲ" ಅನ್ನುವ ಮಾತು ಚೀನಾದ ಕಾನೂನು ವಲಯದಲ್ಲೇ ಹುಟ್ಟಿದ್ದು. ನಾನು ಸ್ವಾತಂತ್ರ್ಯದ ಬಗ್ಗೆ ಕೇಳಬೇಕೆಂದಿದ್ದ ಪ್ರಶ್ನೆಗೆ ಹೀಗೆ ಅಂಕಪಟ್ಟಿಯ ಮೂಲಕ ಉತ್ತರ ಸಿಕ್ಕಿತು.

ಆರು ತಿಂಗಳ ವಿಷಯ ಕೇಳಿ ಅಪ್ಪ ನಕ್ಕರು. "ನಮ್ಮಲ್ಲಿ ಆರು ತಿಂಗಳಿಗೆ ಸಮನ್ಸ್ ಜಾರಿಯಾದ್ರೆ ಪುಣ್ಯ."

ನನ್ನ ಅದೃಷ್ಟಕ್ಕೆ 2013ರ ಜುಲೈನಲ್ಲಿ ಸುಪ್ರೀಂ ಪೀಪಲ್ಸ್ ಕೋರ್ಟ್ ತೀರ್ಪುಗಳನ್ನು ಇಂಟರ್ನೆಟ್ಟಿಗೆ ಹಾಕಲು ಒಂದು ತಾಣ ಶುರುಮಾಡಿತು. ಕೌಂಟಿ ಕೋರ್ಟಿನ ಹಸು ಕಳವಿನ ಕೇಸಿನಿಂದ ಹಿಡಿದು ಬಗೆಬಗೆಯ ತೀರ್ಪುಗಳು ಅದರಲ್ಲಿ ಬರತೊಡಗಿದವು. 2020ರ ಆಗಸ್ಟಿಗೆ ಸಂಖ್ಯೆ 10 ಕೋಟಿ ದಾಟಿತು. ಅಲ್ಲಿಯವರೆಗೆ ಚೀನಾದ ಕಾನೂನು ಓದುವವರು ಪುಸ್ತಕದ ಕಾನೂನು ಓದುತ್ತಿದ್ದರು. ನಮ್ಮ ತಲೆಮಾರಿಗೆ ಕೋರ್ಟಿನ ಕಾನೂನು ಸಿಕ್ಕಿತು. ನಾನು ದಿನಕ್ಕೆ ಹತ್ತು ತೀರ್ಪು ಅಂತ ನೇಮ ಇಟ್ಟುಕೊಂಡೆ. ಕೇಸ್ ನಂಬರ್ ಓದಲು ಬಂದರೆ ಅರ್ಧ ಕೆಲಸ ಆದಂತೆ. ಮೊದಲು ವರ್ಷ, ಆಮೇಲೆ ಕೋರ್ಟಿನ ಗುರುತು, ಆಮೇಲೆ "ಶಿಂಗ್" ಇದ್ದರೆ ಆಡಳಿತದ ಕೇಸು, "ಮಿನ್" ಇದ್ದರೆ ಸಿವಿಲ್, "ಚೂ" ಅಂದರೆ ಮೊದಲ ಹಂತ. ನಮ್ಮಲ್ಲಿ ಸಿವಿಲ್ ದಾವೆಗೆ ಓಎಸ್ ನಂಬರು, ರಿಟ್ ಅರ್ಜಿಗೆ ಡಬ್ಲ್ಯೂಪಿ ನಂಬರು ಇದ್ದ ಹಾಗೇ. ತೀರ್ಪಿನ ಮಧ್ಯೆ "ಈ ಕೋರ್ಟಿನ ಅಭಿಪ್ರಾಯದಲ್ಲಿ" ಎಂಬ ಸಾಲು ಬರುತ್ತದೆ. ಮೊದಲು ಅಲ್ಲಿಗೆ ಹಾರಿ, ಆಮೇಲೆ ಹಿಂದಕ್ಕೆ ಬಂದು ಓದುವುದು ನನ್ನ ಪದ್ಧತಿ.

ಎರಡು ವರ್ಷ ಹೀಗೆ ಓದಿದ ಮೇಲೂ ಥೀಸಿಸ್ ಎಲ್ಲಿದೆ ಅಂತ ಗೊತ್ತಿರಲಿಲ್ಲ. ಯಾರು ಗೆದ್ದರು, ಯಾರು ಸೋತರು ಅಂತ ಕೋಷ್ಟಕ ತುಂಬುತ್ತಿದ್ದೆ. ಅರ್ಧ ಪುಟದ ಆದೇಶಗಳನ್ನು ಓದದೆ ಪಕ್ಕಕ್ಕೆ ಹಾಕುತ್ತಿದ್ದೆ. ಅವು ಅರ್ಜಿದಾರರು ಕೇಸು ವಾಪಸ್ ಪಡೆದವು. ರಜೆಗೆ ಊರಿಗೆ ಬಂದಾಗ ಅಪ್ಪ ಆ ಕಟ್ಟು ನೋಡಿ ಇದೇನು ಅಂದರು. ಕೇಸು ಬಿಟ್ಟಿದ್ದಾರೆ ಅಪ್ಪ, ಇದರಲ್ಲಿ ಏನೂ ಇಲ್ಲ ಅಂದೆ. "ಮೆಮೊ ಹಾಕಿ ವಾಪಸ್ ತಗೊಂಡ್ರೆ ಹೊರಗೆ ಏನೋ ಆಗಿದೆ ಅಂತ. ದುಡ್ಡು ಸಿಕ್ಕಿರಬೇಕು, ಇಲ್ಲ ಹೆದರಿಸಿರಬೇಕು. ತಾರೀಖು ನೋಡು" ಅಂದರು.

ತಾರೀಖು ನೋಡಿದೆ. ಕೆಲವರು ದಾಖಲಾದ ಒಂದೇ ವಾರದಲ್ಲಿ ವಾಪಸ್ ಪಡೆದಿದ್ದರು. ಕೆಲವರು ಕಚೇರಿ ತನ್ನ ಹಳೆಯ ಆದೇಶ ಬದಲಿಸಿದ ಮರುದಿನ. ಒಂದೇ ಹಳ್ಳಿಯ ಹದಿನಾಲ್ಕು ಜನ ಜಮೀನಿನ ಕೇಸನ್ನು ಒಂದೇ ದಿನ. ಸುನ್ ಜಿಗಾಂಗ್ ವಿಷಯದಲ್ಲಿ ನಾನು ಮೊದಲು ಕಂಡಿದ್ದೂ ಇದೇ ಅಲ್ವಾ? ಕೋರ್ಟು ಮಾತಾಡುವ ಮೊದಲೇ ಆಡಳಿತ ಹಿಂದೆ ಸರಿಯುವುದು, ಅಥವಾ ಅರ್ಜಿದಾರನನ್ನು ಹಿಂದೆ ಸರಿಸುವುದು. ತೀರ್ಪಿನಲ್ಲಿ ಸೋಲು ಗೆಲುವು ಎಣಿಸುತ್ತಾ ಕೂತಿದ್ದವಳಿಗೆ ಥೀಸಿಸ್ ಆ ಅರ್ಧ ಪುಟಗಳಲ್ಲಿ ಸಿಕ್ಕಿತು. ಕೃತಜ್ಞತೆಯ ಪುಟದಲ್ಲಿ ಅಪ್ಪನ ಹೆಸರು ಹಾಕಿದ್ದನ್ನು ಪರೀಕ್ಷಕರು ಮಗಳ ಪ್ರೀತಿ ಅಂದುಕೊಂಡರು.

ಇನ್ನು ನನ್ನ ದೊಡ್ಡ ತಪ್ಪು. 640 ಕೇಸುಗಳ ಪಟ್ಟಿ ಮಾಡಿದ್ದೆ. ಪ್ರತಿಗಳನ್ನು ಇಳಿಸಿಟ್ಟುಕೊಂಡಿದ್ದು 212 ಮಾತ್ರ. ಉಳಿದದ್ದಕ್ಕೆ ನಂಬರ್ ಇದೆಯಲ್ಲ, ಬೇಕಾದಾಗ ನೋಡಿದರಾಯಿತು ಅಂತ ಬಿಟ್ಟೆ. ಆಮೇಲೆ ತಾಣ ನೋಡಲು ಮೊಬೈಲ್ ನಂಬರ್ ಕೊಟ್ಟು ನೋಂದಣಿ ಮಾಡಬೇಕು ಅಂತಾಯಿತು. 2021ರಲ್ಲಿ ಲಕ್ಷಗಟ್ಟಲೆ ತೀರ್ಪುಗಳು ಸದ್ದಿಲ್ಲದೆ ಕಾಣೆಯಾದವು. ಆಡಳಿತದ ಕೇಸುಗಳಿಗೆ ಹೊಡೆತ ಜಾಸ್ತಿ. ಒಂದು ರಾತ್ರಿ ಕೂತು ನನ್ನ ನಂಬರ್‌ಗಳನ್ನು ಒಂದೊಂದಾಗಿ ಹಾಕಿದೆ. ಸಿಕ್ಕಿಲ್ಲ, ಸಿಕ್ಕಿಲ್ಲ, ಸಿಕ್ಕಿಲ್ಲ. ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲ ದಿನ ಹೇಳುವುದು ಒಂದೇ: ಕಂಡ ಪುಟವನ್ನು ಆ ಕ್ಷಣವೇ ಇಳಿಸಿಕೊಳ್ಳಿ, ಪ್ರಿಂಟೂ ತೆಗೆಯಿರಿ.

ಅದೇ ಹೊತ್ತಿಗೆ ಕೋವಿಡ್, ವೀಸಾ ಇಲ್ಲ, ನೇರ ವಿಮಾನವೂ ಇಲ್ಲ. ಆಗ ಜೆರೋಮ್ ಕೋಹೆನ್ ಅವರ ನೆನಪಾಗುತ್ತಿತ್ತು. ಅಮೆರಿಕದಲ್ಲಿ ಚೀನಾದ ಕಾನೂನು ಅಧ್ಯಯನವನ್ನು ಕಟ್ಟಿದವರು. 1960ರಲ್ಲಿ ಚೈನೀಸ್ ಕಲಿಯಲು ಕೂತಾಗ ಅಮೆರಿಕದವರಿಗೆ ಚೀನಾದ ಬಾಗಿಲೇ ಮುಚ್ಚಿತ್ತು. ಹಾಂಗ್‌ಕಾಂಗಿಗೆ ಹೋಗಿ, ಗಡಿ ದಾಟಿ ಬಂದವರನ್ನು ಕೂರಿಸಿಕೊಂಡು, ನಿಮ್ಮನ್ನು ಯಾರು ಹಿಡಿದರು, ಆಮೇಲೆ ಎಲ್ಲಿಗೆ ಕರೆದೊಯ್ದರು ಅಂತ ಕೇಳಿ ಕೇಳಿ ಅಲ್ಲಿನ ಕ್ರಿಮಿನಲ್ ಕಾನೂನನ್ನು ಅರ್ಥ ಮಾಡಿಕೊಂಡರು. ನನಗೆ ಅಷ್ಟು ಕಷ್ಟವೂ ಇರಲಿಲ್ಲ. ಚೀನಾದ ಕೋರ್ಟುಗಳ ವಿಚಾರಣೆಯ ವಿಡಿಯೋ ತಾಣ 2016ರಿಂದ ಇತ್ತು. ಬಾಗಿಲಲ್ಲಿ ಕುರ್ಚಿ ಸಿಗದವಳು ಬೆಂಗಳೂರಿನ ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಾ ಕೌಂಟಿ ಕೋರ್ಟಿನ ಕಲಾಪ ನೋಡಿದೆ.

ಕೆಲಸದ ಮಾತು ಚಿಕ್ಕದು. ಚೀನಾದ ಕಾನೂನು ಪಾಠಕ್ಕೆ ಅಂತಲೇ ಹುದ್ದೆ ನಮ್ಮಲ್ಲಿ ನಾನು ಕಂಡಿಲ್ಲ. ನನ್ನ ಸಂಬಳ ಬರುವುದು ಕರಾರು ಕಾಯಿದೆ ಕಲಿಸಿ. ಚೀನಾ ಒಂದು ಐಚ್ಛಿಕ ಪೇಪರ್, ಕಳೆದ ಸಲ ಒಂಬತ್ತು ಜನ. ಆದರೆ ಪೀಣ್ಯದ ಸಣ್ಣ ಕಾರ್ಖಾನೆಯವರು ಆಗಾಗ ಬರುತ್ತಾರೆ. ಯಂತ್ರ ತರಿಸಿದ್ದೇವೆ, ಕೆಟ್ಟಿದೆ, ಬೆಂಗಳೂರಿನಲ್ಲಿ ಕೇಸು ಹಾಕಬಹುದಾ ಅಂತ. ಹಾಕಬಹುದು, ಆದರೆ ನಮ್ಮ ಕೋರ್ಟಿನ ಡಿಕ್ರಿ ಹಿಡಿದು ಅಲ್ಲಿ ವಸೂಲಿಗೆ ಹೋಗುವುದು ಕಷ್ಟ. ಕರಾರಿನಲ್ಲೇ ಮಧ್ಯಸ್ಥಿಕೆಯ (ಆರ್ಬಿಟ್ರೇಷನ್) ಷರತ್ತು ಇರಲಿ, ಅದಕ್ಕೆ ಅಂತರರಾಷ್ಟ್ರೀಯ ಒಪ್ಪಂದದ ಬಲ ಇದೆ. ಸಹಿ ಸಾಲದು, ಕಂಪನಿಯ ಕೆಂಪು ಮೊಹರು ನೋಡಿ ಎಂದು ಹೇಳಿ ಕಳಿಸುತ್ತೇನೆ. "ಅದನ್ನ ಕಲಿತು ಏನು ಮಾಡ್ತೀಯ" ಅನ್ನುವ ನೆಂಟರಿಗೆ ಈಗ ಪೀಣ್ಯದ ಕಥೆ ಹೇಳುತ್ತೇನೆ. ಥೀಸಿಸ್ ಬಗ್ಗೆ ಹೇಳಿದರೆ ಊಟಕ್ಕೆ ಎದ್ದು ಹೋಗುತ್ತಾರೆ.

ಅಪ್ಪ ರಿಟೈರ್ ಆಗಿ ನನ್ನ ಜೊತೆಗೇ ಇದ್ದಾರೆ. ಹೋದ ತಿಂಗಳು ನಾನು ಓದುತ್ತಿದ್ದ ತೀರ್ಪಿನ ಕೊನೆಗೆ ಬೆರಳಿಟ್ಟು, "ಜಡ್ಜ್ ಹೆಸರಾಯ್ತು, ತಾರೀಖಾಯ್ತು. ಇನ್ನೂ ಕೆಳಗೆ ಇರೋದು ಯಾರಮ್ಮ?" ಅಂತ ಕೇಳಿದರು. ಶೂಜಿಯುಆನ್, ಅಂದರೆ ಕೋರ್ಟಿನ ಗುಮಾಸ್ತರು, ಅಲ್ಲಿ ಪ್ರತಿ ತೀರ್ಪಿನ ಕೊನೆಗೂ ಅವರ ಹೆಸರಿರುತ್ತೆ ಅಂದೆ. ಮೂವತ್ತೊಂದು ವರ್ಷ ಸರ್ವಿಸ್ ಮಾಡಿದವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ತಪ್ಪು ಬಂದ್ರೆ ಇವ್ರನ್ನೇ ಹಿಡ್ಕೋತಾರೆ ಅನ್ನು" ಅಂದರು.

ನಾನು ಹಳೆಯ ಕಡತದಲ್ಲಿ ಹುಡುಕಿದೆ. ಬೆರಳಚ್ಚಿನ ತಪ್ಪು ತಿದ್ದಲು ಕೋರ್ಟು ಹೊರಡಿಸುವ ಒಂದು ಪುಟದ ಆದೇಶ ಸಿಕ್ಕಿತು. ಮೂಲ ತೀರ್ಪಿನಲ್ಲಿ ಅರ್ಜಿದಾರನ ಹೆಸರಿನ ಒಂದು ಅಕ್ಷರ ತಪ್ಪಾಗಿತ್ತು. ತಿದ್ದಿದ ಆದೇಶದ ಕೊನೆಯಲ್ಲೂ ಅದೇ ಗುಮಾಸ್ತರ ಹೆಸರಿತ್ತು.