ಸದಸ್ಯರ ಸುದ್ದಿ ಕೇಳಿದರೆ ಮಾತ್ರ ಸಿಗುತ್ತದೆ: ಚೇಂಬರ್ ಸುದ್ದಿಪತ್ರ ನಡೆಸಿದ ನನ್ನ ಅನುಭವ

ಯಾವ ವಾಣಿಜ್ಯ ಮಂಡಳಿಯ, ಅಂದರೆ ವ್ಯಾಪಾರಿಗಳ ಸಂಘವಾದ ಚೇಂಬರ್ ಆಫ್ ಕಾಮರ್ಸ್‌ನ, ಸುದ್ದಿಪತ್ರ ತೆಗೆದು ನೋಡಿದರೂ ಮೊದಲ ಪುಟದಲ್ಲಿ ಒಂದು ಗ್ರೂಪ್ ಫೋಟೋ ಇರುತ್ತದೆ. ಮಧ್ಯದಲ್ಲಿ ಅಧ್ಯಕ್ಷರು, ಕೈಯಲ್ಲಿ ಹೂಗುಚ್ಛ, ಅಕ್ಕಪಕ್ಕ ಕಮಿಟಿಯವರು, ಕೆಳಗೆ ಎಡದಿಂದ ಬಲಕ್ಕೆ ಎಲ್ಲರ ಹೆಸರು. ಫೋಟೋದಲ್ಲಿ ಇರುವವರು ನೋಡುತ್ತಾರೆ, ಅವರ ಮನೆಯವರು ನೋಡುತ್ತಾರೆ, ಅಲ್ಲಿಗೆ ಮುಗಿಯಿತು. ಚಂದಾ ಕಟ್ಟಿ ಸದಸ್ಯರಾಗಿರುವ ಸಣ್ಣ ವ್ಯಾಪಾರಿಗೆ ಅದರಲ್ಲಿ ಏನು ಸಿಗುತ್ತದೆ, ಹೇಳಿ? ನಮ್ಮ ಚೇಂಬರ್‌ನ ಸುದ್ದಿಪತ್ರ ನನ್ನ ಕೈಗೆ ಬಂದಾಗ ನಾನು ಇಟ್ಟುಕೊಂಡ ಅಳತೆ ಒಂದೇ. ಇದನ್ನು ಓದಿ ಒಬ್ಬ ಸದಸ್ಯರು ಇನ್ನೊಬ್ಬ ಸದಸ್ಯರಿಗೆ ಫೋನ್ ಮಾಡಬೇಕು. ಅಂಥ ಕಾರಣ ಕೊಡುವ ಸುದ್ದಿ ಮೊದಲ ಪುಟಕ್ಕೆ, ಉಳಿದದ್ದು ಒಳಗೆ. ಗ್ರೂಪ್ ಫೋಟೋ ಬಿಟ್ಟಿಲ್ಲ, ಬಿಟ್ಟರೆ ನಾನು ಆ ಕುರ್ಚಿಯಲ್ಲಿ ಉಳಿಯುವುದಿಲ್ಲ ಅನ್ನೋದು ನನಗೂ ಗೊತ್ತು. ಒಳಪುಟಕ್ಕೆ ಹೋಯಿತು, ಅಷ್ಟೇ.

ಸುದ್ದಿ ತಾನಾಗಿ ಬರುತ್ತದೆ ಅಂತ ಕಾಯುತ್ತಾ ಕೂತರೆ ಪುಟ ಖಾಲಿ. ತಾವಾಗಿ ಕಳಿಸುವವರು ಯಾರು ಅಂದರೆ, ಪ್ರಚಾರಕ್ಕೆ ಅಂತಲೇ ಒಬ್ಬರನ್ನು ಇಟ್ಟುಕೊಂಡಿರುವ ದೊಡ್ಡ ಕಂಪನಿಯವರು. ಅವರದ್ದೇ ಹಾಕುತ್ತಾ ಹೋದರೆ ಸಣ್ಣವರು ಇದು ನಮ್ಮದಲ್ಲ ಅಂದುಕೊಳ್ಳುತ್ತಾರೆ. ಆಮೇಲೆ ಚಂದಾ ಕಟ್ಟೋಕೂ ಬರುವುದಿಲ್ಲ. ಹಾಗಾಗಿ ನಾನು ಸದಸ್ಯರ ಪಟ್ಟಿ ಮುಂದಿಟ್ಟುಕೊಂಡು ಸಾಲಾಗಿ ಫೋನ್ ಮಾಡತೊಡಗಿದೆ, ಅದರಲ್ಲೂ ಯಾವ ಸಭೆಗೂ ಮುಖ ತೋರಿಸದವರಿಗೆ ಮೊದಲು.

ಹೇಗೆ ಕೇಳುತ್ತೀರಿ ಅನ್ನೋದರ ಮೇಲೆ ಎಲ್ಲಾ ನಿಂತಿದೆ. "ಏನಾದರೂ ಸುದ್ದಿ ಇದೆಯಾ?" ಅಂತ ಕೇಳಿದರೆ "ಏನಿಲ್ಲ ಸರ್, ಮಾಮೂಲಿ" ಅಂತಲೇ ಉತ್ತರ ಬರುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. ದಿನಾ ಮಾಡುವ ಕೆಲಸ ಯಾರಿಗೂ ಸುದ್ದಿ ಅನ್ನಿಸುವುದಿಲ್ಲ. ಅದಕ್ಕೇ ನಾನು ಬೇರೆ ಥರ ಕೇಳುತ್ತೇನೆ. ಈಚೆಗೆ ಹೊಸದಾಗಿ ಏನು ಕೊಂಡಿರಿ? ಯಾರನ್ನಾದರೂ ಕೆಲಸಕ್ಕೆ ತಗೊಂಡಿರಾ, ಇಲ್ಲಾ ಹುಡುಕುತ್ತಿದ್ದೀರಾ? ದೂರದಿಂದ ತರಿಸುವ ಯಾವ ಸಾಮಾನು ಹತ್ತಿರದಲ್ಲೇ ಸಿಕ್ಕರೆ ನಿಮಗೆ ಅನುಕೂಲ? ಈ ಕೊನೆಯ ಪ್ರಶ್ನೆಗೆ ಸಿಗುವಷ್ಟು ಒಳ್ಳೆಯ ಉತ್ತರ ಇನ್ಯಾವುದಕ್ಕೂ ಸಿಗುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ರಟ್ಟಿನ ಡಬ್ಬಿ ಮಾಡುವ ಒಬ್ಬ ಸದಸ್ಯರು ಮೊದಲು "ಏನೂ ಇಲ್ಲ" ಅಂದರು. ಮೆಷಿನ್ ತಗೊಂಡ ಹಾಗಿತ್ತಲ್ಲ ಅಂದೆ. "ಹೌದು, ರಟ್ಟು ಆಕಾರಕ್ಕೆ ಕತ್ತರಿಸುವ ಡೈ ಕಟಿಂಗ್ ಮೆಷಿನ್ ಬಂತು. ಆದರೆ ಮಧ್ಯಾಹ್ನದ ಮೇಲೆ ಸುಮ್ನೆ ನಿಂತಿರುತ್ತೆ, ಅಷ್ಟು ಆರ್ಡರ್ ಎಲ್ಲಿದೆ?" ಅಂದರು. ಅಲ್ಲಿತ್ತು ನೋಡಿ ಸುದ್ದಿ! ಬರೆದು ಓದಿ ಹೇಳಿದೆ. ಅವರು ಕೂಡಲೇ ತಡೆದರು. "ಖಾಲಿ ಇದೆ ಅಂತ ಹಾಕಬೇಡಿ ಸರ್, ವ್ಯಾಪಾರ ಬಿದ್ದಿದೆ ಅಂದುಕೊಳ್ತಾರೆ. ಸಣ್ಣ ಆರ್ಡರ್ ಕೂಡ ತಗೋತೀವಿ ಅಂತ ಹಾಕಿ." ಹಾಗೇ ಹಾಕಿದೆ. ಸೋಪು ಮಾಡುವ ಇನ್ನೊಬ್ಬ ಸದಸ್ಯರು, ಕಡಿಮೆ ಡಬ್ಬಿ ಬೇಕು ಅಂದರೆ ಯಾರೂ ಮಾಡಿಕೊಡೋದಿಲ್ಲ ಅಂತ ಒದ್ದಾಡುತ್ತಿದ್ದವರು, ಅದನ್ನು ಓದಿ ಅವರಿಗೆ ಫೋನ್ ಮಾಡಿದರು. ಅಷ್ಟು ಕಾಲ ಇಬ್ಬರೂ ಒಂದೇ ಪಟ್ಟಿಯಲ್ಲಿದ್ದರು, ಒಬ್ಬರಿಗೆ ಒಬ್ಬರು ಗೊತ್ತಿರಲಿಲ್ಲ. ಬರೆದದ್ದನ್ನು ಓದಿ ಹೇಳಿ ಒಪ್ಪಿಗೆ ತಗೊಳ್ಳೋದು ನನಗೆ ಕಡ್ಡಾಯ. ವ್ಯಾಪಾರದಲ್ಲಿ ಒಂದು ಮಾತು ಆಚೀಚೆ ಆದರೂ ಅದರ ಬಿಸಿ ತಟ್ಟುವುದು ಅವರಿಗೆ, ನಮಗಲ್ಲ.

ಸುದ್ದಿಗೂ ಜಾಹೀರಾತಿಗೂ ನಡುವೆ ಗೆರೆ ಹಾಕೋದೇ ದೊಡ್ಡ ತಲೆನೋವು. "ಗುಣಮಟ್ಟಕ್ಕೆ ಹೆಸರಾದ ನಮ್ಮ ಸಂಸ್ಥೆ ಇನ್ನೊಂದು ಮೈಲಿಗಲ್ಲು ದಾಟಿದೆ" ಅಂತ ಬರೆದು ಕಳಿಸುತ್ತಾರೆ. ಏನು ದಾಟಿದರು, ಎಲ್ಲಿಗೆ ದಾಟಿದರು, ಒಂದೂ ಗೊತ್ತಾಗುವುದಿಲ್ಲ. ನಾನು ವಾಪಸ್ ಫೋನ್ ಮಾಡಿ ಒಂದೇ ಕೇಳೋದು, ಇದರಿಂದ ನಿಮ್ಮ ಗಿರಾಕಿಗೆ ಏನು ಬದಲಾಯಿತು ಅಂತ. "ಎರಡನೇ ಗೋದಾಮು ತೆಗೆದಿದ್ದೀವಿ, ಮಾಲು ಬೇಗ ಮುಟ್ಟುತ್ತೆ" ಅಂದರೆ ಅದು ಸುದ್ದಿ. "ಈ ವಾರ ರಿಯಾಯಿತಿ" ಅಂದರೆ ಜಾಹೀರಾತು, ಅದಕ್ಕೆ ದುಡ್ಡು ಕೊಡಬೇಕು. ಹಳೆಯ ಸದಸ್ಯರಿಗೆ ಇದು ಹಿಡಿಸಲಿಲ್ಲ, ಮುಖ ಕೆಡಿಸಿಕೊಂಡರು. ಆಮೇಲೆ ಈ ನಿಯಮವನ್ನು ಕಮಿಟಿಯ ಮುಂದಿಟ್ಟು, ಬರಹದಲ್ಲಿ ಪಾಸ್ ಮಾಡಿಸಿಕೊಂಡೆ. ಈಗ ಯಾರಾದರೂ ಕೇಳಿದರೆ ಕಮಿಟಿ ಕಡೆ ಬೆರಳು ತೋರಿಸಿ ಆರಾಮಾಗಿ ಇರುತ್ತೇನೆ!

ಸಭೆಯ ವರದಿ ಬರೆಯೋದಂತೂ ನಮ್ಮಲ್ಲಿ ಒಂದು ಚಾಳಿಯೇ ಆಗಿಬಿಟ್ಟಿದೆ. ಯಾರು ಸ್ವಾಗತಿಸಿದರು, ಯಾರು ವಂದಿಸಿದರು, ವೇದಿಕೆ ಮೇಲೆ ಯಾರಿದ್ದರು, ಎಲ್ಲಾ ಇರುತ್ತದೆ, ಅಧಿಕಾರಿಗಳ ಮುಂದೆ ಏನು ಕೇಳಿದೆವು ಅನ್ನೋದು ಮಾತ್ರ ಇರುವುದಿಲ್ಲ. ನಾನು ಇದನ್ನು ತಿರುಗಿಸಿದೆ. ಮನವಿ ಕೊಟ್ಟರೆ, ಏನು ಕೇಳಿದೆವು, ಅವರು ಏನಂದರು, ಯಾವಾಗ ಉತ್ತರ ಕೊಡುತ್ತೇವೆ ಅಂದರು, ನಮ್ಮ ಕಡೆಯಿಂದ ಬೆನ್ನು ಹತ್ತುವವರು ಯಾರು. ಇಷ್ಟೇ. ಮುಂದಿನ ಸಂಚಿಕೆಯಲ್ಲಿ ಅದೇ ಜಾಗದಲ್ಲಿ "ಇನ್ನೂ ಉತ್ತರ ಬಂದಿಲ್ಲ" ಅಂತಾದರೂ ಹಾಕುತ್ತೇನೆ. ಅಧಿಕಾರಿಗಳಿಗೆ ಬೇಜಾರಾಗುತ್ತೆ ಅಂತ ಕಮಿಟಿಯಲ್ಲಿ ಒಂದಿಬ್ಬರು ಹೇಳಿದರು. ನನ್ನ ಲೆಕ್ಕದಲ್ಲಿ, ಬೈಯದೆ ನೆನಪಿಸೋದಕ್ಕೆ ಯಾರೂ ಬೇಜಾರಾಗುವುದಿಲ್ಲ, ಆದರೂ ಅವರಿಗೋಸ್ಕರ ಬರೆಯುವ ಧಾಟಿ ಸ್ವಲ್ಪ ಮೆತ್ತಗೆ ಮಾಡಿಕೊಂಡೆ.

ಒಂದು ವಿಷಯದಲ್ಲಿ ಮಾತ್ರ ಜಾಸ್ತಿ ಹುಷಾರಾಗಿರಬೇಕು. ಒಂದೇ ಲೈನಿನ ವ್ಯಾಪಾರದವರು ಸಭೆಯಲ್ಲಿ ಸೇರಿದಾಗ ಮಾತು ದರದ ಕಡೆಗೆ ಹೊರಳುತ್ತದೆ. "ಎಲ್ಲರೂ ಇಷ್ಟಕ್ಕಿಂತ ಕಡಿಮೆಗೆ ಮಾರೋದು ಬೇಡ" ಅಂತ ಯಾರೋ ಸಲೀಸಾಗಿ ಅಂದುಬಿಡುತ್ತಾರೆ. ಎಷ್ಟೋ ದೇಶಗಳಲ್ಲಿ ಸ್ಪರ್ಧಾ ಕಾನೂನು ಇದೆ, ಪ್ರತಿಸ್ಪರ್ಧಿಗಳು ಕೂತು ದರ ಒಪ್ಪಿಕೊಳ್ಳೋದು ಅದರಲ್ಲಿ ದೊಡ್ಡ ತಪ್ಪು, ಸಂಘಕ್ಕೂ ದಂಡ ಬೀಳಬಹುದು. ಅಂಥ ಮಾತು ಶುರುವಾದರೆ ಅಧ್ಯಕ್ಷತೆ ವಹಿಸಿದವರು ಅಲ್ಲೇ ನಿಲ್ಲಿಸಬೇಕು, ನಿಲ್ಲಿಸಿದ್ದನ್ನು ನಡಾವಳಿಯಲ್ಲಿ ಬರೆಸಬೇಕು. ವರದಿಯಲ್ಲಿ ಹಾಕದೆ ಬಿಟ್ಟರೆ ಸಾಕು ಅನ್ನೋದು ಸರಿಯಲ್ಲ.

ಫೋನಿನಲ್ಲಿ ನನಗೆ ಆಶ್ಚರ್ಯ ಆದದ್ದು ಬೇರೆ. ಚೇಂಬರ್ ಏನೇನು ಮಾಡಿಕೊಡುತ್ತದೆ ಅನ್ನೋದೇ ಎಷ್ಟೋ ಸದಸ್ಯರಿಗೆ ಗೊತ್ತಿರಲಿಲ್ಲ. ಹೊರದೇಶಕ್ಕೆ ಮಾಲು ಕಳಿಸುವಾಗ ಅದು ಎಲ್ಲಿ ತಯಾರಾದದ್ದು ಅಂತ ತೋರಿಸೋಕೆ ಸರ್ಟಿಫಿಕೇಟ್ ಆಫ್ ಒರಿಜಿನ್ ಬೇಕಾಗುತ್ತದೆ. ಇದನ್ನು ವಾಣಿಜ್ಯ ಮಂಡಳಿಗಳು ಕೊಡುವ ಪದ್ಧತಿ ತುಂಬಾ ಹಳೆಯದು, 1923ರ ಜಿನೀವಾ ಒಪ್ಪಂದದಲ್ಲೇ ಅದರ ಪ್ರಸ್ತಾಪ ಇದೆ. ಇನ್ನೊಂದು ಎಟಿಎ ಕಾರ್ನೆ. ವಸ್ತುಪ್ರದರ್ಶನಕ್ಕೆ ಸ್ಯಾಂಪಲ್ಲೋ, ಕೆಲಸಕ್ಕೆ ಬೇಕಾದ ಉಪಕರಣವೋ ಬೇರೆ ದೇಶಕ್ಕೆ ಒಯ್ದು ಒಂದು ವರ್ಷದೊಳಗೆ ವಾಪಸ್ ತರುವುದಾದರೆ ಅಲ್ಲಿ ಸುಂಕ ಕಟ್ಟದೆ ಒಳಗೆ ಬಿಡುವ ದಾಖಲೆ ಅದು, 1961ರ ಒಪ್ಪಂದದ ಪ್ರಕಾರ ನಡೆಯುತ್ತದೆ. ಮಾರೋಕೆ ಒಯ್ಯುವ ಮಾಲಿಗೆ ಇದು ನಡೆಯೋದಿಲ್ಲ, ತಿಂದು ಮುಗಿಸುವ ಪದಾರ್ಥಕ್ಕೂ ನಡೆಯೋದಿಲ್ಲ. ಎಲ್ಲಾ ಚೇಂಬರ್‌ಗಳೂ ಇವೆರಡನ್ನೂ ಕೊಡುವುದಿಲ್ಲ, ಕಾರ್ನೆ ಕೊಡುವ ಅಧಿಕಾರ ಕೆಲವಕ್ಕೆ ಮಾತ್ರ. ಆದರೆ ಎಲ್ಲಿ ಸಿಗುತ್ತದೆ ಅಂತ ಹೇಳಿದರೂ ಅದು ಸೇವೆಯೇ ಅಲ್ವಾ? ಪ್ರತಿ ಸಂಚಿಕೆಯಲ್ಲಿ ಇಂಥ ಒಂದು ಸೇವೆಯ ಬಗ್ಗೆ ಬರೆಯುತ್ತೇನೆ, ಯಾವ ಕಾಗದ ತರಬೇಕು, ಆಫೀಸಿನಲ್ಲಿ ಯಾರನ್ನು ಕೇಳಬೇಕು ಅನ್ನೋದೂ ಸೇರಿ. ಕಚೇರಿಗೆ ಜನ ಬರೋದು ಜಾಸ್ತಿ ಆಯಿತು. ಗುಮಾಸ್ತರು ಮೊದಲು ಗೊಣಗಿದರು, ಈಗ ಅವರೇ ಮುಂದಿನ ಸಲ ಯಾವುದರ ಬಗ್ಗೆ ಬರೆಯಬೇಕು ಅಂತ ಹೇಳುತ್ತಾರೆ.

ಫ್ರಾನ್ಸಿನ ಮಾರ್ಸೇಯಲ್ಲಿ 1599ರಲ್ಲಿ ವ್ಯಾಪಾರಿಗಳು ಕಟ್ಟಿಕೊಂಡ ಮಂಡಳಿ ಚೇಂಬರ್ ಆಫ್ ಕಾಮರ್ಸ್ ಅನ್ನೋ ಹೆಸರಿನ ಮೊದಲ ಸಂಸ್ಥೆ ಅನ್ನುತ್ತಾರೆ. ಫ್ರಾನ್ಸ್, ಜರ್ಮನಿಯಂಥ ದೇಶಗಳಲ್ಲಿ ಈಗಲೂ ವ್ಯಾಪಾರ ಮಾಡುವವರು ಕಾನೂನಿನ ಪ್ರಕಾರವೇ ಚೇಂಬರ್ ಸದಸ್ಯರು, ಬೇಡ ಅನ್ನೋ ಹಾಗಿಲ್ಲ. ಬ್ರಿಟನ್, ಅಮೆರಿಕ, ಭಾರತದಲ್ಲಿ ಹಾಗಲ್ಲ, ಇಷ್ಟ ಇದ್ದವರು ಸೇರುತ್ತಾರೆ, ಬೇಡ ಅನ್ನಿಸಿದರೆ ಚಂದಾ ನಿಲ್ಲಿಸುತ್ತಾರೆ. ಹೀಗೆ ಇಷ್ಟದ ಮೇಲೆ ನಡೆಯುವ ಸಂಘಕ್ಕೆ ಸುದ್ದಿಪತ್ರ ಶೋಕಿ ಅಲ್ಲ. ಸಭೆಗೆ ಬರದ ಸದಸ್ಯರಿಗೆ ಚೇಂಬರ್ ಅಂದರೆ ಅದೊಂದೇ.

ಪರಿಚಯ ಕೂಟಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. ವಿಸಿಟಿಂಗ್ ಕಾರ್ಡ್ ಹಂಚಿ, ಪರಿಚಯ ಇದ್ದವರ ಜೊತೆಗೇ ನಿಂತು ಮಾತಾಡಿ ಮನೆಗೆ ಹೋಗುತ್ತಾರೆ. ನಾವು ಮಾಡಿದ ಒಂದು ಬದಲಾವಣೆ ಮಾತ್ರ ಕೆಲಸಕ್ಕೆ ಬಂತು. ಎದೆಗೆ ಸಿಕ್ಕಿಸುವ ಹೆಸರಿನ ಚೀಟಿಯಲ್ಲಿ ಹುದ್ದೆ ತೆಗೆದು, ಅಲ್ಲಿ "ನನಗೆ ಬೇಕಾದ್ದು" ಅಂತ ಒಂದು ಸಾಲು ಬಿಟ್ಟೆವು. "ಪಾರ್ಟ್ ಟೈಂ ಅಕೌಂಟೆಂಟ್", "ಹಳೆಯ ಪ್ಯಾಲೆಟ್‌ಗಳು" (ಮಾಲು ಪೇರಿಸಿಡುವ ಹಲಗೆಗಳು), "ಗೋದಾಮಿಗೆ ಜಾಗ" ಅಂತೆಲ್ಲ ಬರೆದುಕೊಂಡರು. ಪ್ಯಾಲೆಟ್ ಬೇಕು ಅಂತ ಬರೆದವರ ಸುತ್ತ ಅಧ್ಯಕ್ಷರಿಗಿಂತ ಜಾಸ್ತಿ ಜನ.

ಅದೇ ಸಾಲುಗಳು ಈಗ ಸುದ್ದಿಪತ್ರದ ಕೊನೆಯ ಪುಟ ಆಗಿವೆ, "ಬೇಕು, ಕೊಡುತ್ತೇವೆ" ಅಂತ. ಹೆಸರು, ಏನು ಬೇಕು, ಫೋನ್ ನಂಬರ್, ಅದೂ ಹಾಕಬಹುದು ಅಂತ ಅವರು ಒಪ್ಪಿದರೆ ಮಾತ್ರ. ನೀವೂ ಶುರು ಮಾಡುವುದಾದರೆ ಒಂದು ಕೆಲಸ ಮರೆಯಬೇಡಿ, ಪ್ರತಿ ಸಂಚಿಕೆಗೂ ಮೊದಲು ಹಳೆಯ ಸಾಲುಗಳವರಿಗೆ ಫೋನ್ ಮಾಡಿ, ಸಿಕ್ಕಿದೆ ಅಂದದ್ದನ್ನು ತೆಗೆದುಬಿಡಿ. ಯಾವಾಗಲೋ ಬಾಡಿಗೆಗೆ ಹೋದ ಗೋದಾಮಿಗೆ ಜನ ಫೋನ್ ಮಾಡಿ ವಾಪಸಾದರೆ ಮುಂದಿನ ಸಲ ಆ ಪುಟ ತೆರೆದೂ ನೋಡುವುದಿಲ್ಲ. ಮತ್ತೆ, ಸಿಕ್ಕಿತು ಅಂದವರನ್ನು ಯಾರಿಂದ ಸಿಕ್ಕಿತು ಅಂತ ಕೇಳಿ. ಮುಂದಿನ ಸಂಚಿಕೆಯ ಮೊದಲ ಪುಟಕ್ಕೆ ಸುದ್ದಿ ಅಲ್ಲೇ ಸಿಗುತ್ತದೆ.