ಮೂವತ್ತು ಕಿಲೋ ದಾಟಿದ ಬಗೆ

ಜಿಮ್ಮಿನಲ್ಲಿ ಎತ್ತುವ ತೂಕ ಏರದೆ ನಿಂತುಬಿಟ್ಟರೆ ಸುತ್ತಲಿನವರು ಕೊಡುವ ಸಲಹೆ ಸಾಮಾನ್ಯವಾಗಿ ಒಂದೇ: ಇನ್ನೂ ಜಾಸ್ತಿ ಮಾಡಿ. ಜಯನಗರದ ನಮ್ಮ ಜಿಮ್ಮಿನಲ್ಲೂ ಅದೇ. ನನ್ನ ಓವರ್‌ಹೆಡ್ ಪ್ರೆಸ್, ಅಂದರೆ ನಿಂತುಕೊಂಡೇ ಬಾರ್ ಅನ್ನು ಭುಜದಿಂದ ತಲೆಯ ಮೇಲಕ್ಕೆ ಎತ್ತುವುದು, ಬೇಸಿಗೆಯಿಡೀ 30 ಕಿಲೋದಲ್ಲೇ ಇತ್ತು. ಅಷ್ಟನ್ನು ಒಂದು ಸೆಟ್‌ನಲ್ಲಿ, ಅಂದರೆ ನಡುವೆ ವಿರಾಮವಿಲ್ಲದೆ, ಐದು ಸಲ ಸಲೀಸಾಗಿ ಎತ್ತುತ್ತಿದ್ದೆ. 35 ಹಾಕಿದರೆ ಹಣೆಯ ಮಟ್ಟಕ್ಕೆ ಬಂದು ಅಲ್ಲೇ ನಿಲ್ಲುತ್ತಿತ್ತು. “ಇನ್ನೆರಡು ಸೆಟ್ ಸೇರಿಸಿ ಮೇಡಂ, ತಾನಾಗೇ ಬರುತ್ತೆ” ಅಂದರು ಟ್ರೇನರ್. ಸೇರಿಸಿದೆ. ಭುಜ ನೋಯಿತೇ ಹೊರತು ಬಾರ್ ಮೇಲೇರಲಿಲ್ಲ.

ಆಮೇಲೆ ಲೆಕ್ಕ ಹಾಕಿದೆ. ನಮ್ಮಲ್ಲಿದ್ದ ಅತಿ ಚಿಕ್ಕ ಪ್ಲೇಟ್ 2.5 ಕಿಲೋದ್ದು. ಎರಡೂ ಬದಿಗೆ ಹಾಕಬೇಕಲ್ಲ, ಹಾಗಾಗಿ ಏರಿಸಿದರೆ ಕನಿಷ್ಠ 5 ಕಿಲೋ ಏರುತ್ತದೆ. 100 ಕಿಲೋ ಸ್ಕ್ವಾಟ್ (ಬಾರ್ ಹೆಗಲ ಮೇಲಿಟ್ಟು ಕುಳಿತು ಏಳುವುದು) ಮಾಡುವ ಹುಡುಗನಿಗೆ ಅದು ನೂರಕ್ಕೆ ಐದು. 30 ಕಿಲೋ ಎತ್ತುವ ನನಗೆ ಆರರಲ್ಲೊಂದು ಪಾಲು! ಅದೇ ಹುಡುಗನಿಗೆ ‘ಈ ವಾರ 100, ಮುಂದಿನ ವಾರ 117’ ಅಂದರೆ ಒಪ್ಪುತ್ತಾನೆಯೇ? ಹೆಂಗಸರು, ಹೊಸಬರು, ವಯಸ್ಸಾದವರು ‘ನನ್ನ ಮೈಯಲ್ಲಿ ಇಷ್ಟೇ ಶಕ್ತಿ’ ಎಂದು ಕೈಬಿಡುವ ಎಷ್ಟೋ ಕಡೆ ಕೊರತೆ ಇರುವುದು ಮೈಯಲ್ಲಲ್ಲ, ಪ್ಲೇಟ್ ಜೋಡಿಸಿಟ್ಟ ಸ್ಟ್ಯಾಂಡಿನಲ್ಲಿ. ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ.

ನಮ್ಮ ಕುಂದಾಪುರದ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ ಅವರ ಅಂಕಿಗಳನ್ನೇ ನೋಡಿ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದಾಗ ಸ್ನ್ಯಾಚ್‌ನಲ್ಲಿ (ನೆಲದಿಂದ ಒಂದೇ ಏಟಿಗೆ ತಲೆಯ ಮೇಲಕ್ಕೆ ಎತ್ತುವುದು) 111 ಕಿಲೋ, ಕ್ಲೀನ್ ಅಂಡ್ ಜರ್ಕ್‌ನಲ್ಲಿ (ಮೊದಲು ಭುಜಕ್ಕೆ, ಆಮೇಲೆ ತಲೆಯ ಮೇಲಕ್ಕೆ) 138. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಂಚು ಗೆದ್ದಾಗ 118 ಮತ್ತು 151. ಒಂದಾದರೂ ಐದರ ಮಗ್ಗಿಯಲ್ಲಿ ಬರುವ ಅಂಕಿಯಲ್ಲ. ಅಂಥ ಕೂಟಗಳಲ್ಲಿ ತೂಕ ಒಂದೊಂದೇ ಕಿಲೋ ಏರುತ್ತದೆ. ಅಷ್ಟು ಬಲವಿದ್ದವರಿಗೇ ಒಂದು ಕಿಲೋ ಬೇರೆ, ಎರಡು ಕಿಲೋ ಬೇರೆ ಎಂದಮೇಲೆ ನನಗೆ ಐದು ಕಿಲೋದ ಹಠ ಯಾಕೆ?

ಅರ್ಧ ಕಿಲೋದ ಪ್ಲೇಟ್‌ಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ, ಬೆಲೆ ಜಾಸ್ತಿ. ನಾನು ಬೆಂಗಳೂರಿನ ಎಸ್‌ಜೆಪಿ ರಸ್ತೆಗೆ ಹೋದೆ. ನಟ್ಟು, ಬೋಲ್ಟು ಮಾರುವ ಅಂಗಡಿಗಳ ಸಾಲೇ ಇದೆಯಲ್ಲ ಅಲ್ಲಿ. ನಮ್ಮ ಬಾರ್‌ನ ತುದಿಯ ದಪ್ಪ 50 ಮಿಲಿಮೀಟರ್. ಅದಕ್ಕೆ ತುಸು ಸಡಿಲವಾಗಿ ಕೂರುವ ದೊಡ್ಡ ಕಬ್ಬಿಣದ ವಾಷರ್‌ಗಳನ್ನು ಆರಿಸಿ ತಂದೆ. (ಕೆಲವು ಜಿಮ್‌ಗಳಲ್ಲಿ ತೆಳು ತುದಿಯ ಬಾರ್ ಇರುತ್ತದೆ. ಅಳತೆ ತೆಗೆದುಕೊಂಡೇ ಹೋಗಿ.) ಮನೆ ಕೆಳಗಿನ ದಿನಸಿ ಅಂಗಡಿಯಲ್ಲಿ ತೂಗಿಸಿದರೆ ಒಂದೊಂದೂ 300 ಗ್ರಾಮಿನ ಆಸುಪಾಸು ಬಂತು. ಬದಿಗೊಂದರಂತೆ ಹಾಕಿದರೆ 600 ಗ್ರಾಮ್ ಏರಿಕೆ.

30.6 ಎತ್ತಿದಾಗ ವ್ಯತ್ಯಾಸವೇ ಗೊತ್ತಾಗಲಿಲ್ಲ. ಅದೇ ಬೇಕಾಗಿದ್ದದ್ದು. ಐದೂ ಸಲ ಚೆನ್ನಾಗಿ ಎತ್ತಿದ ಮೇಲಷ್ಟೇ ಮುಂದಿನ ಜೊತೆ. ಎತ್ತಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ, ಯಾಕೆಂದರೆ ಇಷ್ಟು ಸಣ್ಣ ಏರಿಕೆ ಕನ್ನಡಿಯಲ್ಲಿ ಕಾಣುವುದಿಲ್ಲ, ನೆನಪಿನಲ್ಲೂ ಉಳಿಯುವುದಿಲ್ಲ.

33ರ ಹತ್ತಿರ ಮತ್ತೆ ತಡೆಯಿತು. ಆಗ ನೂರಕ್ಕೆ ಹತ್ತರಷ್ಟು ತೂಕ ಇಳಿಸಿ ಅಲ್ಲಿಂದ ಮತ್ತೆ ಏರಿಸುತ್ತ ಬಂದೆ. ಸೆಟ್‌ಗಳ ನಡುವಿನ ವಿರಾಮವನ್ನು ಮೂರು ನಿಮಿಷಕ್ಕೆ ಎಳೆದೆ. ಭಾರ ಎತ್ತುವ ಆ ಕೆಲವು ಸೆಕೆಂಡುಗಳಿಗೆ ಸ್ನಾಯು ಮುಖ್ಯವಾಗಿ ಬಳಸುವುದು ತನ್ನಲ್ಲಿರುವ ಕ್ರಿಯೇಟಿನ್ ಫಾಸ್ಫೇಟನ್ನು, ಅಂದರೆ ತಕ್ಷಣಕ್ಕೆ ಶಕ್ತಿ ಕೊಡುವ ಸಂಗ್ರಹವನ್ನು. ಅದು ಬಹುಪಾಲು ಮತ್ತೆ ತುಂಬಿಕೊಳ್ಳಲು ಅಷ್ಟು ಹೊತ್ತು ಬೇಕು. ಸಂಜೆ ಆರೂವರೆಯ ನಂತರ ನಮ್ಮ ಜಿಮ್ಮಿನಲ್ಲಿ ಮೂರು ನಿಮಿಷ ಸುಮ್ಮನೆ ನಿಂತರೆ “ಆಯ್ತಾ ಆಂಟಿ?” ಎಂಬ ಪ್ರಶ್ನೆ ಬರುತ್ತದೆ, ಹಾಗಾಗಿ ಬೆಳಗಿನ ಹೊತ್ತಿಗೆ ಬದಲಾಯಿಸಿಕೊಂಡೆ. ಅದಕ್ಕಾಗಿ ರಾತ್ರಿ ಬೇಗ ಮಲಗುವಂತಾಯಿತು, ಅದರಿಂದಲೂ ಲಾಭವಾಗಿರಬೇಕು.

ಊಟದ ವಿಷಯವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ನನ್ನ ತೂಕ 58 ಕಿಲೋ. ಭಾರ ಎತ್ತುವವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಒಂದೂವರೆ ಗ್ರಾಮಿನಷ್ಟಾದರೂ ಪ್ರೋಟೀನ್ ಇರಲಿ ಎನ್ನುತ್ತಾರೆ, ಅಂದರೆ ನನಗೆ 87 ಗ್ರಾಮ್. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಚಪಾತಿ ಪಲ್ಯ ತಿಂದರೆ ಅದರ ಅರ್ಧದಷ್ಟು ಸಿಕ್ಕುವುದೂ ಕಷ್ಟ. ರಾಗಿ ಒಳ್ಳೆಯದೇ, ಆದರೆ 100 ಗ್ರಾಮ್ ಹಿಟ್ಟಿನಲ್ಲಿ ಪ್ರೋಟೀನ್ 7 ಗ್ರಾಮ್ ಮಾತ್ರ. ಮುದ್ದೆಯನ್ನು ಬಿಡಲಿಲ್ಲ, ಸಾರನ್ನು ಬದಲಿಸಿದೆ: ತೆಳು ಸೊಪ್ಪಿನ ಸಾರಿನ ಬದಲು ಹೆಸರುಕಾಳು, ಹುರುಳಿಕಾಳು ಹಾಕಿದ ಗಟ್ಟಿ ಸಾರು, ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ. ಜೊತೆಗೆ ದಿನಕ್ಕೆರಡು ಬೇಯಿಸಿದ ಮೊಟ್ಟೆ, ಒಂದು ಬಟ್ಟಲು ಗಟ್ಟಿ ಮೊಸರು, ಪಲ್ಯಕ್ಕೆ ಒಂದು ಹಿಡಿ ಸೋಯಾ ಚಂಕ್ಸ್. ಒಣ ಸೋಯಾದಲ್ಲಿ ತೂಕದ ಅರ್ಧದಷ್ಟು ಪ್ರೋಟೀನೇ. ಅತ್ತೆಯವರಿಗೆ ಅದರ ವಾಸನೆ ಹಿಡಿಸಲಿಲ್ಲ. ಬಿಸಿನೀರಿನಲ್ಲಿ ನೆನೆಸಿ ಎರಡು ಸಲ ಹಿಂಡಿ ಸಾಗುವಿಗೆ ಹಾಕಿದ ಮೇಲೆ ಅವರೂ ಬಡಿಸಿಕೊಂಡರು.

ದಸರಾ ಕಳೆಯುವ ಹೊತ್ತಿಗೆ 35 ಕಿಲೋವನ್ನು ಐದು ಸಲ ಎತ್ತಿದೆ. ಈಗ ವಾಷರ್‌ಗಳನ್ನು ಬಿಚ್ಚಿ 2.5ರ ಪ್ಲೇಟ್ ಹಾಕಿದ್ದೇನೆ. ಅದರ ಪಕ್ಕಕ್ಕೆ ಮತ್ತೆ ಮೊದಲ ಜೊತೆ ವಾಷರ್ ಸೇರಿದೆ.

ನೀವೂ ಇದನ್ನು ಮಾಡುವುದಾದರೆ ವಾಷರ್ ಯಾವಾಗಲೂ ಪ್ಲೇಟ್‌ನ ಹೊರಬದಿಗೆ ಬರಲಿ, ಆಮೇಲೆ ಅವು ಜಾರದಂತೆ ತಡೆಯುವ ಕ್ಲಿಪ್ ಬಿಗಿಯಾಗಿ ಹಾಕಿ. ಇಲ್ಲದಿದ್ದರೆ ಬಾರ್ ಸ್ವಲ್ಪ ವಾಲಿದರೂ ಜಾರಿ ಕಾಲ ಮೇಲೆ ಬೀಳುತ್ತದೆ.