ಮೆನಿಯರ್ಸ್ ಅಧ್ಯಯನಕ್ಕೆ ಸೇರುವ ಮುನ್ನ: ತಲೆಸುತ್ತಿನ ದಿನಚರಿ ಇಡುವ ಬಗೆ

ಮೆನಿಯರ್ಸ್ ಎಂಬ ಒಳಕಿವಿಯ ಕಾಯಿಲೆಗೆ ಕೊಟ್ಟ ಔಷಧಿ ಕೆಲಸ ಮಾಡಿತೋ ಇಲ್ಲವೋ ಎಂದು ಹೇಳುವ ರಕ್ತಪರೀಕ್ಷೆ ಇಲ್ಲ. ಅಧ್ಯಯನದ ಲೆಕ್ಕವೆಲ್ಲ ಬಹುಪಾಲು ರೋಗಿ ಬರೆದ ದಿನಚರಿಯ ಮೇಲೆಯೇ ನಿಂತಿರುತ್ತದೆ. ಸೇರುವ ಮನಸ್ಸಿದ್ದರೆ ನೋಟ್‌ಬುಕ್ ಇವತ್ತೇ ಶುರು ಮಾಡಿ.

‘ಚಕ್ಕರ್ ಬಂತು’ ಎಂದಷ್ಟೇ ಬರೆದರೆ ಉಪಯೋಗವಿಲ್ಲ. ಗಡಿಯಾರ ನೋಡಿ ಬರೆಯಿರಿ, ಹೀಗೆ:

ಮಂಗಳವಾರ, ಬೆಳಗ್ಗೆ 6:40ರಿಂದ 9:15. ಮನೆ ಗರಗರ ತಿರುಗಿತು. ಎರಡು ಸಲ ವಾಂತಿ. ಎಡಗಿವಿ ಕಟ್ಟಿತ್ತು, ಗುಂಯ್ ಸದ್ದು ಜಾಸ್ತಿ. ತಲೆಸುತ್ತಿಗೆ ಸಿನ್ನರಿಜಿನ್ 25 ಒಂದು ಮಾತ್ರೆ. ಸಂಜೆತನಕ ಜೋಲಿ.

ತಿರುಗುವುದು ನಿಂತ ಹೊತ್ತೇ ಕೊನೆಯ ಹೊತ್ತು. ಆಮೇಲಿನ ಜೋಲಿಯನ್ನು ಅದಕ್ಕೆ ಸೇರಿಸಬೇಡಿ. ಇಷ್ಟು ಬಿಗಿ ಯಾಕೆಂದರೆ, 2015ರ ಅಂತರರಾಷ್ಟ್ರೀಯ ಮಾನದಂಡದಂತೆ ಖಚಿತ ಮೆನಿಯರ್ಸ್ ಎನ್ನಲು 20 ನಿಮಿಷದಿಂದ 12 ಗಂಟೆಯೊಳಗಿನ ಕನಿಷ್ಠ ಎರಡು ಸುತ್ತು ಬಂದಿರಬೇಕು, ಜತೆಗೆ ತೊಂದರೆಯ ಕಿವಿಯಲ್ಲಿ ಕೆಳ ಮತ್ತು ನಡುಸ್ತರದ ಸದ್ದುಗಳ ಕೇಳ್ಮೆ ಕುಗ್ಗಿದ್ದು ಪರೀಕ್ಷೆಯಲ್ಲಿ ಕಂಡಿರಬೇಕು. ಹಾಸಿಗೆಯಲ್ಲಿ ಮಗ್ಗುಲಾದಾಗ ಬಂದು ನಿಮಿಷದೊಳಗೆ ಇಳಿದರೆ ಅದು ಹೆಚ್ಚಾಗಿ ಬಿಪಿಪಿವಿ, ಅಂದರೆ ಒಳಕಿವಿಯ ಸಣ್ಣ ಹರಳುಗಳು ಜಾಗ ತಪ್ಪಿ ಬರುವ ತಲೆಸುತ್ತು. ಅದಕ್ಕೆ ವೈದ್ಯರು ತಲೆಯನ್ನು ಕ್ರಮವಾಗಿ ತಿರುಗಿಸಿ ಮಾಡಿಸುವ ಎಪ್ಲಿ ವಿಧಾನವೇ ಸಾಕಾಗಬಹುದು, ಮಾತ್ರೆಯ ಅಧ್ಯಯನ ಬೇಕಿಲ್ಲ. ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಬಂದರೆ ಮೊದಲು ಬಿಪಿ ನೋಡಿಸಿ.

ಸುತ್ತು ಬಾರದ ದಿನ ‘0’ ಬರೆಯಲೇಬೇಕು. ಖಾಲಿ ಬಿಟ್ಟರೆ ಸುತ್ತು ಬರಲಿಲ್ಲವೋ, ಬರೆಯಲು ಮರೆತಿರೋ ಯಾರಿಗೂ ಗೊತ್ತಾಗುವುದಿಲ್ಲ. ತಪಾಸಣೆಯ ಹಿಂದಿನ ರಾತ್ರಿ ತಿಂಗಳ ಲೆಕ್ಕವನ್ನು ನೆನಪಿನಿಂದ ತುಂಬಿದರೆ ದೊಡ್ಡ ಸುತ್ತು ಉಳಿದು ಸಣ್ಣವು ಜಾರಿಹೋಗುತ್ತವೆ. ಅಂಥ ದಿನಚರಿ ಇಲ್ಲದಿರುವುದೇ ವಾಸಿ.

ಅಧ್ಯಯನದಲ್ಲಿ ಕೆಲವರಿಗೆ ಔಷಧಿಯಿಲ್ಲದ ಸುಳ್ಳುಮಾತ್ರೆ ಕೊಡುತ್ತಾರೆ; ಆ ಗುಂಪು ಯಾಕೆ ಬೇಕೆಂಬ ಉತ್ತರವೂ ಇಲ್ಲೇ ಇದೆ. ಈ ಕಾಯಿಲೆ ತಾನಾಗಿ ಏರಿ ತಾನಾಗಿ ಇಳಿಯುತ್ತದೆ, ಜನ ಸೇರುವುದು ಏರಿದ ಹೊತ್ತಿನಲ್ಲೇ. ಮೆನಿಯರ್ಸ್‌ಗೆ ಕೊಡುವ ಬೀಟಾಹಿಸ್ಟಿನ್ ಮಾತ್ರೆಯ ಬಗ್ಗೆ ಜರ್ಮನಿಯ 221 ರೋಗಿಗಳ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಸುಳ್ಳುಮಾತ್ರೆ, ಕಡಿಮೆ ಪ್ರಮಾಣ, ಹೆಚ್ಚು ಪ್ರಮಾಣ, ಮೂರೂ ಗುಂಪುಗಳಲ್ಲಿ ಸುತ್ತು ಇಳಿದವು. ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹೋಲಿಕೆ ಇರದಿದ್ದರೆ ಇಳಿಕೆಯ ಶ್ರೇಯವೆಲ್ಲ ಮಾತ್ರೆಗೇ ಹೋಗುತ್ತಿತ್ತು.

ಹಳೆಯ ಆಡಿಯೋಗ್ರಾಮ್‌ಗಳನ್ನೆಲ್ಲ (ಕೇಳ್ಮೆ ಪರೀಕ್ಷೆಯ ನಕ್ಷೆಗಳು) ದಿನಾಂಕದಂತೆ ಜೋಡಿಸಿಡಿ. ಕೆಂಪು ಸೊನ್ನೆ ಬಲಗಿವಿ, ನೀಲಿ ಇಂಟು ಎಡಗಿವಿ. ಮೆನಿಯರ್ಸ್‌ನಲ್ಲಿ ಶುರುವಿಗೆ ಕುಸಿಯುವುದು ಸಾಮಾನ್ಯವಾಗಿ ನಕ್ಷೆಯ ಎಡಬದಿಯ 250, 500, 1000 ಹರ್ಟ್ಸ್ ಭಾಗ, ಕಿವಿ ಯಾವುದೇ ಇರಲಿ. ಪರೀಕ್ಷೆಗೆ ಮುನ್ನ ಗುಗ್ಗೆ ತೆಗೆಸಿ. ಕಿವಿಗೆ ನೀರು ಬಿಡುವ ಕ್ಯಾಲೋರಿಕ್ ಪರೀಕ್ಷೆ ಇದ್ದರೆ, ತಲೆಸುತ್ತಿನ ಮಾತ್ರೆಯನ್ನು ಸಾಮಾನ್ಯವಾಗಿ 48 ತಾಸು ಮೊದಲು ನಿಲ್ಲಿಸಲು ಹೇಳುತ್ತಾರೆ; ಬಿಪಿ, ಸಕ್ಕರೆ, ಫಿಟ್ಸ್ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ. ಆವತ್ತು ಬೈಕ್ ಬೇಡ. ಹಾವೇರಿ, ಗದಗದಿಂದ ಬರುವವರು ಜೋಡಿ ಯಾರನ್ನಾದರೂ ಕರಕೊಂಡೇ ಬಸ್ ಹತ್ತಿ. ಊಟದ ಉಪ್ಪನ್ನು ಅಧ್ಯಯನದ ನಡುವೆ ಒಮ್ಮೆಲೇ ಕಡಿಮೆ ಮಾಡಿದರೆ ಅದನ್ನೂ ಬರೆದಿಡಿ.

ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಇರಲಿ, ಸತ್ತೂರಿನ ಎಸ್‌ಡಿಎಂ ಇರಲಿ, ಬೆಂಗಳೂರಿನ ಆಸ್ಪತ್ರೆ ಇರಲಿ, ಯಾರಾದರೂ ಅಧ್ಯಯನಕ್ಕೆ ಕರೆದರೆ ಮೊದಲು ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಪ್ರಯೋಗಗಳ ದಾಖಲೆಪಟ್ಟಿ) ನೋಂದಣಿ ಸಂಖ್ಯೆ ಕೇಳಿ. 2009ರ ಜೂನ್ 15ರಿಂದ ಔಷಧಿ ಪ್ರಯೋಗಗಳಿಗೆ ಇದು ಕಡ್ಡಾಯ. ಸಂಖ್ಯೆ ಹಾಕಿದರೆ ಮಾಹಿತಿ ಆನ್‌ಲೈನ್‌ನಲ್ಲಿ ಎಲ್ಲರಿಗೂ ಸಿಗುತ್ತದೆ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಸಹಿಯಾದ ಪ್ರತಿ ನಿಮ್ಮ ಕೈಯಲ್ಲಿರಲಿ. ಓದು ಬಾರದವರಿಗೆ ಹೊರಗಿನ ಸಾಕ್ಷಿ ಬೇಕು. ಸುತ್ತು ಜೋರಾದಾಗ ಯಾವ ಮಾತ್ರೆ ನುಂಗಬಹುದು, ಬಸ್ ಖರ್ಚು ಯಾರದು, ಮುಗಿದ ಮೇಲೆ ಚಿಕಿತ್ಸೆ ಏನು ಎಂದು ಸಹಿಗೆ ಮುಂಚೆ ಕೇಳಿ. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಹೊಸ ಔಷಧಿ ಮತ್ತು ಕ್ಲಿನಿಕಲ್ ಪ್ರಯೋಗಗಳ 2019ರ ನಿಯಮಗಳಲ್ಲೇ ಇವೆ. ನಡುವೆ ಬಿಡುವ ಹಕ್ಕೂ ನಿಮ್ಮದು.

ದಿನಚರಿಗಾಗಿ ಕಾಯಬಾರದ ಎರಡು ಸಂದರ್ಭಗಳಿವೆ. ಮೊದಲನೆಯದು, ಒಂದು ಕಿವಿ ಮೂರು ದಿನದೊಳಗೆ ದಿಢೀರ್ ಮಂದವಾದರೆ ಆವತ್ತೇ ಇಎನ್‌ಟಿ ವೈದ್ಯರನ್ನು ಕಾಣಿ. ಸ್ಟೀರಾಯ್ಡ್ ಬೇಗ ಸಿಕ್ಕಷ್ಟೂ ಒಳ್ಳೆಯದು. ಎರಡನೆಯದು, ಸುತ್ತಿನ ಜತೆ ಮಾತು ತೊದಲಿದರೆ, ಒಂದೇ ವಸ್ತು ಎರಡಾಗಿ ಕಂಡರೆ, ಕೈಕಾಲು ಸೋತರೆ ಅದು ಪಾರ್ಶ್ವವಾಯು ಇರಬಹುದು: 108ಕ್ಕೆ ಕರೆ ಮಾಡಿ.